ಒಳಗಿನ ಅಳತೆ

"ನಾನು ಪರೀಕ್ಷೆಗೆ ಹೆಸರು ಕೊಟ್ಟು ಬಂದೆ," ಎಂದು ಸೊಸೆ ಹೇಳಿದಾಗ ಮನೆಯವರೆಲ್ಲ ಊಟಕ್ಕೆ ಕೂತಿದ್ದರು. ಕೈಯಿಂದ ಕೈಗೆ ಹೋಗುತ್ತಿದ್ದ ಬೇಳೆಯ ಪಾತ್ರೆ ಅತ್ತೆಯ ಕೈಯಲ್ಲಿ ನಿಂತಿತು.

"ಯಾವ ಪರೀಕ್ಷೆ?"

"ನಮ್ಮ ಫ್ಯಾಕ್ಟರೀದೇ ಅತ್ತೆ. ಕಟಿಂಗ್ ವಿಭಾಗಕ್ಕೆ ಒಬ್ಬರು ಬೇಕಂತೆ. ಒಳಗಿನವರಿಗೇ ಅವಕಾಶ ಅಂದ್ರು. ಆರು ವಾರ ಬಿಟ್ಟು ಲೆಕ್ಕದ ಪರೀಕ್ಷೆ."

"ಲೆಕ್ಕದ್ದಾ!" ಹದಿಮೂರು ವರ್ಷದ ಮಗಳಿಗೆ ಅನ್ನ ನೆತ್ತಿಗೇರಿತು. ಮನೆಯಲ್ಲಿ ಅವಳನ್ನು ಚೂಟಿ ಎಂದೇ ಕರೆಯುತ್ತಿದ್ದರು. ಕೆಮ್ಮು ನಿಲ್ಲುವ ಮೊದಲೇ ಕೇಳಿದಳು, "ಅಮ್ಮಾ, ನಿಂಗೆ ಭಿನ್ನರಾಶಿ ಬರುತ್ತಾ?"

"ಬರಲ್ಲ. ನೀನು ಹೇಳ್ಕೊಡು."

ಸೊಸೆ ಹದಿನಾಲ್ಕು ವರ್ಷದಿಂದ ಗಾರ್ಮೆಂಟ್ಸ್‌ನಲ್ಲಿ ತೋಳು ಹೊಲಿಯುತ್ತಿದ್ದಳು. ಬರೀ ತೋಳು. ಕಾಲರ್ ಒಬ್ಬಳು, ಜೇಬು ಇನ್ನೊಬ್ಬಳು, ಗುಂಡಿ ಮಗದೊಬ್ಬಳು. ಅಷ್ಟು ವರ್ಷದಲ್ಲಿ ಅವಳು ಒಂದು ಇಡೀ ಅಂಗಿಯನ್ನು ಕೈಯಾರೆ ಮುಗಿಸಿದ್ದಿಲ್ಲ. ಈಚೆಗೆ ಅವಳ ಬಲ ಭುಜ ಸಂಜೆಯಾದರೆ ಹಿಡಿದುಕೊಳ್ಳುತ್ತಿತ್ತು. ಕಟಿಂಗ್ ಮೇಜಿನ ಹತ್ತಿರ ನಿಂತವರನ್ನು ಅವಳು ಯಂತ್ರದ ಮೇಲಿಂದ ಕತ್ತೆತ್ತಿ ನೋಡುತ್ತಿದ್ದಳು. ಅಲ್ಲಿ ಬಟ್ಟೆ ಇನ್ನೂ ಬಟ್ಟೆಯಾಗಿಯೇ ಇರುತ್ತಿತ್ತು, ತುಂಡಾಗಿರುತ್ತಿರಲಿಲ್ಲ.

"ನಲವತ್ತರ ಹತ್ರ ಬಂದ್ಮೇಲೆ ಮಗ್ಗಿ ಬಾಯಿಪಾಠ ಮಾಡೋಕೆ ಹೊರಟ್ಳು," ಎಂದಳು ಅತ್ತೆ. "ಸರಿ, ಸಂಜೆ ಒಲೆ ಹತ್ರ ಯಾರು ನಿಲ್ಲೋರು?"

"ಅಕ್ಕಿ ನೀವಿಟ್ಟುಬಿಡಿ ಅತ್ತೆ, ತರಕಾರಿ ನಾನು ಬೆಳಗ್ಗೇನೇ ಹೆಚ್ಚಿಟ್ಟು ಹೋಗ್ತೀನಿ. ಪಾತ್ರೆ..." ಅವಳು ಗಂಡನ ಕಡೆ ನೋಡಿದಳು.

ಗಂಡ ಬಸ್ ಕಂಡಕ್ಟರ್. ದಿನವಿಡೀ ನಿಂತೇ ಇರುವ ಕೆಲಸ. ಮನೆಗೆ ಬಂದವನು ಕೂತಲ್ಲಿಂದ ಏಳುವುದು ಕಡಿಮೆ. "ನನ್ನ ಯಾಕೆ ನೋಡ್ತೀಯ? ಪಾತ್ರೆ ನಾನು ತೊಳೀಬೇಕಾ?"

"ಆರೇ ವಾರ ರೀ."

"ಆರು ವಾರ ಅಂದ್ರೆ ನಲವತ್ತೆರಡು ದಿನ," ಎಂದಳು ಚೂಟಿ. "ಅಪ್ಪ, ಲೆಕ್ಕ ಮಾಡಿ ಹೇಳ್ತಿದೀನಿ, ಅಷ್ಟೇ."

ಮಾವ ಮೂಲೆಯಲ್ಲಿ ಕೂತು ಉಣ್ಣುತ್ತಿದ್ದರು. ಎಪ್ಪತ್ತೊಂದರ ಬಡಗಿ ಅವರು. ಮನೆಯ ಹಿಂದೆ ತಗಡಿನ ಶೆಡ್ಡಿನಲ್ಲಿ ಈಗಲೂ ಕಪಾಟು, ಕುರ್ಚಿ, ಬಾಗಿಲು ಮಾಡುತ್ತಿದ್ದರು. ಟೇಪು ಜೇಬಲ್ಲಿರುತ್ತಿತ್ತು, ಕೈಗೆ ಬರುತ್ತಿದ್ದದ್ದು ಅಪರೂಪ. ಹಲಗೆಯನ್ನು ದೂರದಿಂದ ಒಂದು ಸಲ ನೋಡಿ "ಇಪ್ಪತ್ತೆರಡೂಕಾಲು" ಎಂದರೆ ಅದು ಇಪ್ಪತ್ತೆರಡೂಕಾಲೇ. ಊಟ ಮುಗಿಸಿ ಕೈ ತೊಳೆಯಲು ಏಳುವಾಗ ಇಷ್ಟೇ ಹೇಳಿದರು: "ಅಳತೆ ಕಣ್ಣಲ್ಲಿರಬೇಕು. ಪುಸ್ತಕದಲ್ಲಿ ಏನಿದೆ?"

ಮೊದಲ ವಾರ ಪಾಠ ಅಡುಗೆಮನೆಯಲ್ಲೇ ನಡೆಯಿತು. ಸಂಜೆ ಆರೂವರೆಗೆ ಸೊಸೆ ಮುಖ ತೊಳೆದು, ಚಹಾ ಲೋಟ ಹಿಡಿದು ನೆಲಕ್ಕೆ ಕೂರುತ್ತಿದ್ದಳು. ಚೂಟಿ ಕಾಲು ಮಡಿಸಿ ಎದುರು ಕೂತು ಪೆನ್ಸಿಲ್ ತಿರುಗಿಸುತ್ತಿದ್ದಳು.

"ಏಳೂಕಾಲರಲ್ಲಿ ಎರಡೂಮುಕ್ಕಾಲು ಕಳಿ."

"ನಾಲ್ಕೂವರೆ."

ಚೂಟಿ ಹುಬ್ಬು ಗಂಟು ಹಾಕಿದಳು. "ಬರೀದೆ ಹೇಗೆ ಬಂತು?"

"ಎರಡೂಮುಕ್ಕಾಲಿಂದ ಮೂರಕ್ಕೆ ಕಾಲು ಬೇಕು. ಮೂರರಿಂದ ಏಳೂಕಾಲಿಗೆ ನಾಲ್ಕೂಕಾಲು. ಸೇರಿಸಿದ್ರೆ ನಾಲ್ಕೂವರೆ. ತೋಳಿನ ಅಂಚು ಮಡಿಸೋವಾಗ ದಿನಾ ಹೀಗೇ ನೋಡ್ಕೋತೀವಿ."

"ಹಾಗೆಲ್ಲ ಮಾಡಬಾರದು. ಹಂತ ಬರೀಬೇಕು. ಹಂತಕ್ಕೇ ಮಾರ್ಕ್ಸು."

"ಉತ್ತರ ಸರಿ ಇದ್ರೂ?"

"ಇದ್ರೂ. ಸರಿ, ಇದನ್ನ ಮಾಡು. ಐದೂ ಆರನೇ ಒಂದರಲ್ಲಿ ಎರಡೂ ಎಂಟನೇ ಮೂರು ಕಳಿ."

ಸೊಸೆ ಟೇಪು ಹಿಡಿದಂತೆ ಬೆರಳಲ್ಲೇ ಅಳೆಯಲು ನೋಡಿದಳು. ಆರನೇ ಒಂದು ಯಾವ ಟೇಪಿನಲ್ಲೂ ಇರಲಿಲ್ಲ. ಚೂಟಿ ವಿವರಿಸಿದಳು: ಛೇದ ಎರಡೂ ಬೇರೆ ಬೇರೆ, ಹಾಗಾಗಿ ಕಳೆಯೋಕೆ ಬರಲ್ಲ, ಎರಡನ್ನೂ ಇಪ್ಪತ್ನಾಲ್ಕಕ್ಕೆ ತರಬೇಕು. ಇಪ್ಪತ್ನಾಲ್ಕನೇ ನಾಲ್ಕು, ಇಪ್ಪತ್ನಾಲ್ಕನೇ ಒಂಬತ್ತು. ನಾಲ್ಕರಲ್ಲಿ ಒಂಬತ್ತು ಹೋಗಲ್ಲ.

"ಹೋಗದಿದ್ರೆ?"

"ಪಕ್ಕದಲ್ಲಿರೋ ಐದರಿಂದ ಒಂದು ಇಸ್ಕೋಬೇಕು. ಆ ಒಂದು ಅಂದ್ರೆ ಇಪ್ಪತ್ನಾಲ್ಕನೇ ಇಪ್ಪತ್ನಾಲ್ಕು. ನಾಲ್ಕಕ್ಕೆ ಸೇರಿಸಿದ್ರೆ ಇಪ್ಪತ್ತೆಂಟು. ಅದರಲ್ಲಿ ಒಂಬತ್ತು ಹೋದ್ರೆ ಹತ್ತೊಂಬತ್ತು. ಐದು ನಾಲ್ಕಾಯ್ತು, ನಾಲ್ಕರಲ್ಲಿ ಎರಡು ಹೋದ್ರೆ ಎರಡು. ಎರಡೂ ಇಪ್ಪತ್ನಾಲ್ಕನೇ ಹತ್ತೊಂಬತ್ತು. ಮುಗೀತು!"

"ನಿಂಗೆ ಮುಗೀತು," ಎಂದಳು ತಾಯಿ.

ಅವಳು ಏಳನೇ ತರಗತಿಯಲ್ಲಿ ಶಾಲೆ ಬಿಟ್ಟದ್ದು ಇಲ್ಲೇ, ಇದೇ ಲೆಕ್ಕದ ಹತ್ತಿರ. ತನ್ನ ತಾಯಿಗೆ ಹೆರಿಗೆಯಾಗಿ ಎರಡು ತಿಂಗಳು ಮನೆಯಲ್ಲಿ ಉಳಿದಿದ್ದಳು. ತಿರುಗಿ ಹೋದಾಗ ಬೋರ್ಡಿನ ಮೇಲೆ ಸಂಖ್ಯೆಗಳು ಒಂದರ ತಲೆಯ ಮೇಲೊಂದು ಕೂತಿದ್ದವು. ಯಾರನ್ನೂ ಕೇಳುವ ಧೈರ್ಯ ಸಾಲಲಿಲ್ಲ. ಆಮೇಲೆ ಹೋಗಲೂ ಇಲ್ಲ.

ಒಲೆಯ ಹತ್ತಿರ ಅನ್ನ ತಳ ಹಿಡಿದ ವಾಸನೆ ಬಂತು. "ನೋಡಿ, ನೋಡಿ," ಎಂದು ಅತ್ತೆ ಒಳಗೆ ಬಂದಳು. "ತಾಯಿ ಮಗಳು ಇಬ್ಬರೂ ಒಲೆ ಮುಂದೇನೇ ಕೂತು ಅನ್ನ ಸೀಯಿಸಿದ್ರಿ. ಇನ್ನು ದೂರ ಕೂತ್ರೆ ಮನೇನೇ ಸುಡ್ತೀರೇನೋ."

ಎರಡನೇ ವಾರ ಗಂಡನ ಜೊತೆ ಜಗಳವಾಯಿತು. ಸೊಸೆ ಫ್ಯಾಕ್ಟರಿಯ ಹಾಳೆಗಳ ಹಿಂಬದಿಯಲ್ಲಿ ಲೆಕ್ಕ ಬರೆದು ಅಡುಗೆಮನೆಯ ಡಬ್ಬಿಯ ಕೆಳಗೆ ಇಡುತ್ತಿದ್ದಳು. ತಪ್ಪಾದದ್ದಕ್ಕೆ ಚೂಟಿ ಕೆಂಪು ಶಾಯಿಯಲ್ಲಿ ಗೀಟು ಹಾಕುತ್ತಿದ್ದಳು. ಸರಿಯಾದದ್ದಕ್ಕೆ ಏನೂ ಇಲ್ಲ. ಒಂದು ಹಾಳೆಯಲ್ಲಿ ಹನ್ನೆರಡಕ್ಕೆ ಹನ್ನೆರಡೂ ಸರಿಯಾಗಿತ್ತು. ಅದನ್ನು ಅವಳು ಬೇರೆಯಾಗಿ ಮಡಿಸಿಟ್ಟಿದ್ದಳು. ಮಾರನೆಯ ದಿನ ಗಂಡನ ಊಟದ ಡಬ್ಬಿ ತೊಳೆಯಲು ತೆಗೆದರೆ ಒಳಗೆ ಎಣ್ಣೆ ಕುಡಿದ ಅದೇ ಹಾಳೆ, ಮೊಟ್ಟೆಯ ಚೂರು ಅಂಟಿಕೊಂಡಿತ್ತು.

"ಇದನ್ನ ಯಾಕೆ ತಗೊಂಡ್ರಿ?"

"ಬ್ರೆಡ್ಡು ಸುತ್ತಿಕೊಳ್ಳೋಕೆ. ರದ್ದಿ ಅಂದ್ಕೊಂಡೆ."

"ನನ್ನ ಅಕ್ಷರ ಕಾಣಿಸಲಿಲ್ವಾ?"

"ಬೆಳಗ್ಗೆ ನಂಗೆ ಬ್ರೆಡ್ಡು ಸುತ್ತಿಕೊಡೋರು ಯಾರಿದ್ರು? ನೀನು ಸಾಲು ಸಾಲಾಗಿ ಗೀಚ್ತಾ ಕೂತಿದ್ದೆ. ಹದಿನಾರು ವರ್ಷದಲ್ಲಿ ಒಂದು ದಿನಾನೂ ನಾನು ಡಬ್ಬಿ ಕಟ್ಕೊಂಡು ಹೋಗಿರಲಿಲ್ಲ."

"ಒಂದು ದಿನ ಕಟ್ಕೊಂಡ್ರಲ್ಲ, ಕೈ ಬಿದ್ದು ಹೋಯ್ತಾ?"

"ಏನಂದೆ?"

"ಕೈ ಬಿದ್ದು ಹೋಯ್ತಾ ಅಂದೆ."

ಅತ್ತೆ ಹೊರಗಿನ ಕೋಣೆಯಿಂದಲೇ ಕೂಗಿದಳು. "ಕಿಟಕಿ ಹಾಕ್ಕೊಂಡು ಜಗಳಾಡಿ! ಎದುರು ಮನೆಯವಳು ಕಿವಿ ಇಟ್ಕೊಂಡು ನಿಂತಿದಾಳೆ."

ಅಲ್ಲಿಯವರೆಗೆ ಗೊಣಗುತ್ತಲೇ ಪಾತ್ರೆ ತೊಳೆಯುತ್ತಿದ್ದ ಗಂಡ ಅಂದು ತೊಳೆಯಲಿಲ್ಲ. ಅದಾದ ಮೇಲೂ ಮೂರು ದಿನ ತೊಳೆಯಲಿಲ್ಲ. ಸೊಸೆ ತೊಳೆಯುತ್ತಾ ತೊಳೆಯುತ್ತಾ ಬಾಯಲ್ಲೇ ಲೆಕ್ಕ ಹೇಳಿಕೊಳ್ಳುತ್ತಿದ್ದಳು.

ಮೂರನೇ ವಾರ ಚೂಟಿ ಬೀಜಗಣಿತ ಶುರುಮಾಡಿದಳು. "ಗೊತ್ತಿಲ್ಲದ್ದಕ್ಕೆ ಎಕ್ಸ್ ಅಂತ ಹೆಸರಿಡಬೇಕು. ಎಕ್ಸ್‌ಗೆ ಎರಡೂವರೆ ಕೂಡಿಸಿದ್ರೆ ಒಂಬತ್ತು ಬರುತ್ತೆ. ಎಕ್ಸ್ ಎಷ್ಟು?"

"ಆರೂವರೆ. ಇದಕ್ಕೆ ಹೆಸರು ಬೇರೆ ಇಡಬೇಕಾ?"

"ಇಡಲೇಬೇಕು. ಈ ಕಡೆ ಎರಡೂವರೆ ತೆಗೆದ್ರೆ ಆ ಕಡೆನೂ ತೆಗೀಬೇಕು."

"ಯಾರೇ ಅದು ಎಕ್ಸು?" ಅತ್ತೆ ಬೆಳ್ಳುಳ್ಳಿ ಸುಲಿಯುತ್ತಾ ಕೇಳಿದಳು. "ದಿನಾ ಸಂಜೆ ಅವನ ಮಾತೇ. ಒಂದ್ಸಲ ಊಟಕ್ಕಾದ್ರೂ ಕರೀರಿ."

ನಗು ಬಂದದ್ದು ಅಂದು ಒಂದೇ ಸಲ. ಒಂದು ಲೆಕ್ಕವನ್ನು ತಾಯಿ ನಾಲ್ಕು ಸಲ ತಪ್ಪು ಮಾಡಿದಾಗ ಚೂಟಿ ಪೆನ್ಸಿಲ್ ಎಸೆದಳು. "ಎಷ್ಟು ಸಲ ಹೇಳ್ಲಿ? ನಮ್ಮ ಕ್ಲಾಸಲ್ಲಿ ಅತಿ ದಡ್ಡರೂ ಇಷ್ಟೊತ್ತಿಗೆ ಕಲೀತಾರೆ."

ತಾಯಿ ಹಾಳೆ ಮಡಿಸಿ, ಎದ್ದು, ಒಣಗಿದ ಬಟ್ಟೆ ತರಲು ಹೊರಗೆ ಹೋದಳು. ಮೂರು ಜೊತೆ ಬಟ್ಟೆ ತರಲು ಅರ್ಧ ಗಂಟೆ ಹಿಡಿಯಿತು. ಅಜ್ಜಿ ಚೂಟಿಯ ಕಿವಿ ಹಿಂಡಿದಳು. "ಅವಳು ನಿಂಗೆ ನಡಿಯೋಕೆ ಕಲಿಸೋವಾಗ ನೀನು ಎಷ್ಟು ಸಲ ಬಿದ್ದೆ ಅಂತ ಲೆಕ್ಕ ಇಟ್ಟಿದ್ಳಾ?" ಅತ್ತೆ ಸೊಸೆಯ ಪರ ಮಾತಾಡಿದ್ದು ಅದೇ ಮೊದಲು. ಆದರೆ ಸೊಸೆ ಅಂಗಳದಲ್ಲಿದ್ದಳು, ಕೇಳಿಸಲಿಲ್ಲ.

ನಾಲ್ಕನೇ ವಾರ ಮಾವ ಒಂದು ಕಪಾಟು ಮಾಡುತ್ತಿದ್ದರು. ಪಕ್ಕದ ಬೀದಿಯಲ್ಲಿ ಪುಸ್ತಕಕ್ಕೆ ರಟ್ಟು ಕಟ್ಟುವವನೊಬ್ಬನಿದ್ದ. ದಪ್ಪ ದಪ್ಪ ದಾಖಲೆ ಪುಸ್ತಕ ಜೋಡಿಸಲು ಅವನಿಗೆ ಗಟ್ಟಿ ಕಪಾಟು ಬೇಕಿತ್ತು. ಮೂರು ಅಂತಸ್ತು, ಮೂರೂ ಸಮ ಇರಬೇಕು, ಒಂದು ನೂಲೂ ಹೆಚ್ಚುಕಮ್ಮಿ ಆಗಬಾರದು ಎಂದಿದ್ದ. ಬಡಗಿಗಳ ಮಾತಿನಲ್ಲಿ ನೂಲು ಎಂದರೆ ಇಂಚಿನ ಎಂಟನೇ ಒಂದು.

ಕಪಾಟಿನ ಚೌಕಟ್ಟು ನಿಂತಿತ್ತು. ನಡುವೆ ಎರಡು ಹಲಗೆ ಕೂರಬೇಕು, ಅವುಗಳಿಗೆ ಆಸರೆಯಾಗಿ ಎರಡೂ ಪಕ್ಕಕ್ಕೆ, ಅಂತಸ್ತಿಗೊಂದರಂತೆ, ಅದರ ಎತ್ತರಕ್ಕೆ ಸರಿಯಾಗಿ ನಿಲ್ಲುವ ಮೂರು ಮೂರು ಪಟ್ಟಿ. ಆ ಆರು ಪಟ್ಟಿಗೆಂದೇ ಮಾವ ಹಳೆಯ ಗಟ್ಟಿ ಮರದ ತುಂಡೊಂದನ್ನು ವರ್ಷಗಟ್ಟಲೆ ಕಾದಿಟ್ಟಿದ್ದರು. ಭಾನುವಾರ ಮಧ್ಯಾಹ್ನ ಸೊಸೆ ಚಹಾ ಕೊಡಲು ಶೆಡ್ಡಿಗೆ ಹೋದಾಗ ಅವರು ಟೇಪನ್ನು ಮೂಗಿನ ಹತ್ತಿರ ಹಿಡಿದು, ದೂರ ಹಿಡಿದು, ಮತ್ತೆ ಹತ್ತಿರ ಹಿಡಿದು ನೋಡುತ್ತಿದ್ದರು. ಅಂಥದ್ದನ್ನು ಅವಳು ಯಾವತ್ತೂ ನೋಡಿರಲಿಲ್ಲ.

"ನಲವತ್ತೇಳೂಕಾಲು ಅಲ್ವೇನಮ್ಮ ಇದು?"

ಅವಳು ಬಗ್ಗಿ ನೋಡಿದಳು. "ಹೌದು ಮಾವ. ನಲವತ್ತೇಳೂಕಾಲು."

"ಹಲಗೆ ಮುಕ್ಕಾಲು ಇಂಚು ದಪ್ಪ. ಮೂರು ಖಾನೆ ಸಮ ಬರಬೇಕು." ಅವರು ಟೇಪು ಸುತ್ತಿ ಜೇಬಿಗೆ ಹಾಕಿದರು. "ನಿನ್ನ ಪುಸ್ತಕದಲ್ಲಿ ಇದಕ್ಕೇನಾದ್ರೂ ಇದೆಯಾ?"

ಹದಿನಾರು ವರ್ಷದಲ್ಲಿ ಮಾವ ಅವಳನ್ನು ಏನಾದರೂ ಕೇಳಿದ್ದರೆ ಅದು ನೀರು, ಚಹಾ, ಇಲ್ಲ ಟವೆಲು. ಅವಳು ಅಲ್ಲೇ ಬಿದ್ದಿದ್ದ ಪ್ಲೈವುಡ್ ಚೂರಿನ ಮೇಲೆ ಕಪಾಟಿನ ಚಿತ್ರ ಬರೆದಳು. ಮೇಲೊಂದು ಹಲಗೆ, ಕೆಳಗೊಂದು, ನಡುವೆ ಎರಡು. ಒಟ್ಟು ನಾಲ್ಕು. ನಾಲ್ಕು ಮುಕ್ಕಾಲು ಸೇರಿದರೆ ಮೂರು ಇಂಚು. ನಲವತ್ತೇಳೂಕಾಲರಲ್ಲಿ ಮೂರು ಹೋದರೆ ನಲವತ್ನಾಲ್ಕೂಕಾಲು. ಮೂರು ಎಕ್ಸ್ ಅಂದರೆ ಅಷ್ಟು. ಒಂದು ಎಕ್ಸ್ ಹದಿನಾಲ್ಕೂಮುಕ್ಕಾಲು. ಚೂಟಿ ಕಲಿಸಿದಂತೆ ಒಂದು ಹಂತವನ್ನೂ ಬಿಡದೆ ಬರೆದಳು.

"ಹದಿನಾಲ್ಕೂಮುಕ್ಕಾಲು ಮಾವ."

ಅವರು ಚೌಕಟ್ಟನ್ನು ನೋಡಿದರು. ಏನೋ ಹೇಳಲು ಹೊರಟವರ ಹಾಗೆ ತುಟಿ ಅಲ್ಲಾಡಿತು. ಆಮೇಲೆ ಗರಗಸ ಕೈಗೆ ತೆಗೆದುಕೊಂಡರು.

ಸಂಜೆ ಅವರು ಒಳಗೆ ಬಂದಾಗ ಮುಖ ಗೋಡೆಯಂತಿತ್ತು. ಕೈಯಲ್ಲಿದ್ದ ಎರಡು ಪಟ್ಟಿಗಳನ್ನು ಊಟದ ಜಾಗದಲ್ಲಿ ಎಸೆದರು.

"ಅರ್ಧ ಇಂಚು ಕಮ್ಮಿ. ಆರಕ್ಕೆ ಆರೂ."

ಮನೆಮಂದಿಯೆಲ್ಲ ಶೆಡ್ಡಿಗೆ ಹೋದರು. ಪಟ್ಟಿ, ಹಲಗೆ, ಪಟ್ಟಿ, ಹಲಗೆ, ಪಟ್ಟಿ ಎಂದು ಜೋಡಿಸಿದ ಮೇಲೆ ತುದಿಯಲ್ಲಿ ಒಂದೂವರೆ ಇಂಚು ಖಾಲಿ ಬಾಯಿ ತೆರೆದು ನಿಂತಿತ್ತು. ಚೂಟಿ ಪ್ಲೈವುಡ್ ಚೂರನ್ನು ಎತ್ತಿ ಓದಿದಳು.

"ಲೆಕ್ಕ ಸರಿಯಾಗೇ ಇದೆಯಲ್ಲ. ನಾಲ್ಕು ಹಲಗೆ... ತಾತ, ನಲವತ್ತೇಳೂಕಾಲು ಎಲ್ಲಿಂದ ಎಲ್ಲಿಗೆ ಅಳೆದಿದ್ದು?"

"ಒಳಗಿಂದ. ಕೆಳಗಿನ ಹಲಗೆ ಮೇಲಿಂದ ಮೇಲಿನ ಹಲಗೆ ಕೆಳಗಿನವರೆಗೆ. ಇನ್ನೆಲ್ಲಿಂದ ಅಳೀತಾರೆ?"

"ಹಾಗಾದ್ರೆ ಎರಡೇ ಹಲಗೆ ಕಳೀಬೇಕಿತ್ತು. ಅಮ್ಮ ನಾಲ್ಕು ಕಳೆದಿದಾಳೆ."

ಸೊಸೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. "ನೀವು ಒಳಗಿನ ಅಳತೆ ಅಂತ ಹೇಳಲಿಲ್ಲ ಮಾವ."

"ನೀನು ಕೇಳಲಿಲ್ಲ."

"ಅಳತೆ ತೋರಿಸೋವಾಗ..."

"ಐವತ್ತು ವರ್ಷದಿಂದ ಮರ ಕುಯ್ದಿದೀನಿ! ನಿನ್ನ ನಾಲ್ಕು ವಾರದ ಲೆಕ್ಕ ನಂಬಿ ಇಂಥ ಮರ ಹಾಳು ಮಾಡ್ದೆ. ಇಂಥದ್ದು ಈಗ ಎಲ್ಲಿ ಸಿಗುತ್ತೆ?"

ಅತ್ತೆ ಪಟ್ಟಿಯನ್ನೊಮ್ಮೆ, ಕಪಾಟನ್ನೊಮ್ಮೆ ನೋಡಿದಳು. "ಮೂರು ಹದಿನೈದು ನಲವತ್ತೈದು. ಎರಡು ಹಲಗೆ ಸೇರಿದ್ರೂ ನಲವತ್ತಾರೂವರೆ. ಅಂದ್ರೆ ಪಟ್ಟಿ ಹದಿನೈದರ ಮೇಲೆ ಇರಲೇಬೇಕು. ಹದಿನಾಲ್ಕೂ ಚಿಲ್ಲರೆ ಅಂದಾಗ ನಿಮಗೆ ಹೊಳೀಲಿಲ್ವಾ? ಅಂದಾಜಿಗೂ ಬರಲಿಲ್ವಾ? ನಿಮ್ಮ ಕಣ್ಣಿಗೆ ಏನಾಗಿತ್ತು?"

ಮಾವ ಕೆಲಸದ ಮೇಜಿನ ಅಂಚು ಹಿಡಿದು ಕೂತರು.

"ಹೊಳೀತು," ಎಂದರು ಕೊನೆಗೆ. "ನೋಡಿದ ತಕ್ಷಣ ಹದಿನೈದರ ಮೇಲೆ ಸ್ವಲ್ಪ ಅನ್ನಿಸ್ತು. ಆದ್ರೆ ನಂಬಿಕೆ ಬರಲಿಲ್ಲ. ಎಂಟು ತಿಂಗಳಿಂದ ಎಲ್ಲಾ ಮಂಜು ಮಂಜು. ಟೇಪಿನ ಗೆರೆ ಒಂದಕ್ಕೊಂದು ಅಂಟಿಕೊಂಡ ಹಾಗೆ ಕಾಣುತ್ತೆ. ಅವಳ ಲೆಕ್ಕ ಅಚ್ಚುಕಟ್ಟಾಗಿತ್ತು. ಅದೇ ಸರಿ ಇರಬೇಕು ಅಂದ್ಕೊಂಡೆ."

"ಎಂಟು ತಿಂಗಳಾ?" ಎಂದ ಕಂಡಕ್ಟರ್. "ಅಪ್ಪಾ, ಯಂತ್ರದ ಗರಗಸ ಓಡಿಸ್ತಿದೀಯ. ಬೆರಳು ಹೋಗಿದ್ರೆ? ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಶೆಡ್ಡಿಗೆ ಬೀಗ ಹಾಕ್ತಿದ್ದೆ."

"ಹಾಕದೆ ಇನ್ನೇನು ಮಾಡ್ಲಿ?"

"ಅದಕ್ಕೇ ಹೇಳಲಿಲ್ಲ."

ಆಮೇಲಿನ ಜಗಳ ಯಾರ ಯಾರ ನಡುವೆ ಶುರುವಾಗಿ ಎಲ್ಲಿಗೆ ಹೋಯಿತೆಂದು ಹೇಳುವುದು ಕಷ್ಟ. ಅಪ್ಪನ ಮೇಲೆ ಮಗ, ಗಂಡನ ಮೇಲೆ ಹೆಂಡತಿ, ಎಂದೋ ಮುರಿದ ಕುರ್ಚಿಯ ವಿಷಯವೂ ಬಂತು. ಕಂಡಕ್ಟರ್ ಹೆಂಡತಿಯ ಕಡೆ ತಿರುಗಿ, "ಈ ಪರೀಕ್ಷೆ ಗಿರೀಕ್ಷೆ ಎಲ್ಲಾ ಸಾಕು. ಮನೆ ಮೊದಲಿನ ಹಾಗೆ ಇರಲಿ," ಎಂದ. ಸೊಸೆ ಒಳಗೆ ಹೋಗಿ ಡಬ್ಬಿಯ ಕೆಳಗಿನ ಹಾಳೆಗಳನ್ನೆಲ್ಲ ತೆಗೆದು ರದ್ದಿಯ ಮೂಟೆಗೆ ಹಾಕಿದಳು.

ನಾಲ್ಕು ದಿನ ಊಟ ಹೊತ್ತಿಗೆ ಸರಿಯಾಗಿ ಆಯಿತು. ಪಾತ್ರೆ ಫಳಫಳ ಎನ್ನುತ್ತಿದ್ದವು. ಯಾರೂ ಯಾರ ಜೊತೆಗೂ ಮಾತಾಡುತ್ತಿರಲಿಲ್ಲ, ಉಪ್ಪು ಬೇಕಾದರೆ ಚೂಟಿಯ ಮೂಲಕ ಕೇಳುತ್ತಿದ್ದರು. ರಟ್ಟು ಕಟ್ಟುವವನು ಎರಡು ಸಲ ಬಂದು ಹೋದ. ಶನಿವಾರದೊಳಗೆ ಕಪಾಟು ಕೊಡದಿದ್ದರೆ ಬೇರೆಯವರ ಹತ್ತಿರ ಮಾಡಿಸುತ್ತೇನೆ ಎಂದ.

ಗುರುವಾರ ಸಂಜೆ ಸೊಸೆ ಸೊಪ್ಪು ಬಿಡಿಸುತ್ತಾ ಕೂತಿದ್ದಳು. ಕೈ ನಿಂತಿತು. ಎದ್ದು ಶೆಡ್ಡಿಗೆ ಹೋದಳು. ಮಾವ ಕತ್ತಲಾಗುತ್ತಿದ್ದ ಶೆಡ್ಡಿನಲ್ಲಿ ಸುಮ್ಮನೆ ಕೂತಿದ್ದರು. ಪಟ್ಟಿಗಳು ಆರೂ ಗೋಡೆಗೆ ಒರಗಿದ್ದವು.

"ಮಾವ, ಒಂದು ಕೇಳಲಾ? ಅವನ ಪುಸ್ತಕ ಎಷ್ಟು ಎತ್ತರ?"

"ಅತಿ ದೊಡ್ಡದು ಹದಿನಾಲ್ಕೂಕಾಲು."

"ಹಾಗಾದ್ರೆ ಖಾನೆ ಹದಿನಾಲ್ಕೂಮುಕ್ಕಾಲು ಇದ್ರೂ ಪುಸ್ತಕ ಹಿಡಿಯುತ್ತೆ."

"ಹಿಡಿಯುತ್ತೆ. ಮೇಲಿನ ಒಂದೂವರೆ ಇಂಚು ಏನು ಮಾಡ್ತೀಯ? ಚಕ್ಕೆ ತುರುಕಿ ಕೊಡಲಾ? ಅದು ಬಡಗಿ ಕೆಲಸ ಅಲ್ಲ."

"ಇಷ್ಟು ದಿನ ಪಟ್ಟಿ ಎಷ್ಟು ಅನ್ನೋದು ಗೊತ್ತಿರಲಿಲ್ಲ, ಹಲಗೆ ಗೊತ್ತಿತ್ತು. ಈಗ ಪಟ್ಟಿ ಕತ್ತರಿಸಿ ಆಗಿದೆ. ಗೊತ್ತಿಲ್ಲದ್ದು ಹಲಗೆ ಅಂತಿಟ್ಕೊಳ್ಳಿ." ಅವಳು ಸೀಮೆಸುಣ್ಣಕ್ಕೆ ತಡಕಾಡಿದಳು, ಸಿಗಲಿಲ್ಲ, ಬೆರಳಲ್ಲೇ ಮೇಜಿನ ಮರದ ಪುಡಿಯ ಮೇಲೆ ಬರೆದಳು. "ಮೊದಲು ಅಂದಾಜು. ಮೂರು ಪಟ್ಟಿ ನಲವತ್ನಾಲ್ಕು ಚಿಲ್ಲರೆ. ಉಳಿಯೋದು ಮೂರು ಇಂಚಿನ ಹತ್ತಿರ. ಎರಡು ಹಲಗೆಗೆ ಹಂಚಿದ್ರೆ ಒಂದೂವರೆ ಆಸುಪಾಸು. ಈಗ ಸರಿಯಾಗಿ ಮಾಡ್ತೀನಿ. ನಲವತ್ತೇಳೂಕಾಲರಲ್ಲಿ ನಲವತ್ನಾಲ್ಕೂಕಾಲು ಹೋದ್ರೆ ಸರಿಯಾಗಿ ಮೂರು. ಒಂದು ಹಲಗೆ ಒಂದೂವರೆ ಇಂಚು ದಪ್ಪ ಇರಬೇಕು."

"ಒಂದೂವರೆ ಇಂಚಿನ ಹಲಗೆ..." ಎಂದವರು ಅಲ್ಲಿಗೇ ನಿಂತರು. ಬೆರಳುಗಳು ತೊಡೆಯ ಮೇಲೆ ಒಂದರ ಮೇಲೊಂದು ಕೂತವು. "ಮುಕ್ಕಾಲಿನ ಎರಡು. ಅಂಟು ಹಾಕಿ ಜೋಡಿಸಿದ್ರೆ ಒಂದೂವರೆ."

"ಹೌದು ಮಾವ."

"ಭಾರದ ಪುಸ್ತಕಕ್ಕೆ ಜೋಡಿ ಹಲಗೆ ಒಳ್ಳೇದೇ. ಜೋಲು ಬೀಳಲ್ಲ." ಅವರು ಎದ್ದರು, ಮತ್ತೆ ಕೂತರು. "ಇನ್ನೂ ಎರಡು ಹಲಗೆ ಬೇಕು. ಇದೇ ಅಗಲ, ಇದೇ ದಪ್ಪ. ಶನಿವಾರದೊಳಗೆ ಎಲ್ಲಿಂದ ತರ್ಲಿ?"

ಬಾಗಿಲಲ್ಲಿ ಅತ್ತೆ ನಿಂತಿದ್ದಳು. ಅರ್ಧ ಬಿಡಿಸಿದ ಸೊಪ್ಪನ್ನು ಕೇಳಲು ಬಂದವಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ತಿರುಗಿ ಅಡುಗೆಮನೆಗೆ ಹೋದಳು. ಸ್ವಲ್ಪ ಹೊತ್ತಿಗೆ ಗೂಡಿನಿಂದ ಪಾತ್ರೆ ಇಳಿಸುವ ಸದ್ದು ಶುರುವಾಯಿತು. ತಮ್ಮ ಮದುವೆಯಾದ ವರ್ಷ ಮಾವನೇ ಅವಳಿಗೆ ಮಾಡಿಕೊಟ್ಟ ಪಾತ್ರೆ ಗೂಡು ಅದು. ಯಾರಿಗೂ ಅದರ ಮೇಲೊಂದು ಮೊಳೆ ಹೊಡೆಯಲು ಬಿಟ್ಟವಳಲ್ಲ.

"ನಿಂತು ಏನು ನೋಡ್ತೀಯ?" ಎಂದಳು ಮಗನಿಗೆ. "ಹಲಗೆ ಬಿಚ್ಚು. ದಪ್ಪ ಅಷ್ಟೇ, ಕಪಾಟಿಗಿಂತ ಅಗಲವೇ ಇವೆ, ಅಂಚು ಕುಯ್ದ್ರೆ ಸರಿಹೋಗುತ್ತೆ."

"ಅಮ್ಮಾ, ಪಾತ್ರೆ ಎಲ್ಲಿಡ್ತೀಯ?"

"ನೆಲದ ಮೇಲೆ. ನೆಲದ ಮೇಲಿಟ್ರೆ ಪಾತ್ರೆ ಅಳುತ್ತಾ? ಬಿಚ್ಚೋ ಬೇಗ. ನಿಮ್ಮಪ್ಪ ಮನಸ್ಸು ಬದಲಾಯಿಸೋ ಮೊದಲು."

ಹಲಗೆ ಕುಯ್ದದ್ದು ಕಂಡಕ್ಟರ್. ಮಾವ ಪಕ್ಕದಲ್ಲಿ ನಿಂತು "ಎಡಕ್ಕೆ, ಎಡಕ್ಕೆ, ಗರಗಸ ಒತ್ತಬೇಡ, ಅದೇ ಹೋಗುತ್ತೆ" ಎನ್ನುತ್ತಿದ್ದರು. ಸೊಸೆ ಗೆರೆ ಎಳೆದಳು. ಎಳೆದ ಮೇಲೆ ಪ್ರತಿ ಸಲ ಮಾವನನ್ನು ಕೇಳಿದಳು, ಪ್ರತಿ ಸಲ ಅವರು ಬೆರಳಿಂದ ಸವರಿ ನೋಡಿ ಹೂಂ ಎಂದರು. ಶನಿವಾರ ಕಪಾಟು ಹೋಯಿತು. ರಟ್ಟು ಕಟ್ಟುವವನು ಹಲಗೆ ಇಷ್ಟು ದಪ್ಪ ಯಾಕೆ ಎಂದು ಕೇಳಿದಾಗ ಮಾವ, "ನಿನ್ನ ಪುಸ್ತಕದ ಭಾರ ನೋಡಿ ಹಾಕಿದ್ದು," ಎಂದರಂತೆ. ಅದನ್ನು ಊಟದ ಹೊತ್ತಿಗೆ ಹೇಳಿದಾಗ ಅತ್ತೆ, "ಸುಳ್ಳು ಹೇಳೋಕಾದ್ರೂ ಕಣ್ಣು ಬೇಡ ಬಿಡಿ," ಎಂದಳು.

ಸೊಸೆ ರದ್ದಿಯ ಮೂಟೆ ತೆರೆದಳು. ಹಾಳೆಗಳು ಇರಲಿಲ್ಲ. ಮೂಟೆಯನ್ನು ನೆಲಕ್ಕೆ ಸುರಿದು ಹುಡುಕಿದಳು.

"ನನ್ನ ಹತ್ರ ಇವೆ," ಎಂದಳು ಚೂಟಿ. ರದ್ದಿಗೆ ಹಾಕಿದ ರಾತ್ರಿಯೇ ಎತ್ತಿಟ್ಟುಕೊಂಡಿದ್ದಳು. ಈಗ ಸರಿಯಾದ ಲೆಕ್ಕಕ್ಕೂ ಗುರುತು ಹಾಕಿದ್ದಳು. "ಅಮ್ಮಾ, ಆವತ್ತು ಹಾಗಂದಿದ್ದು... ಬಿಡು. ಐದನೇ ಅಭ್ಯಾಸದಿಂದ ಶುರುಮಾಡೋಣ. ನೀನು ಮೊದಲು ಅಂದಾಜು ಹೇಳು, ನಾನೂ ಹೇಳ್ತೀನಿ. ನಂಗೆ ಅದು ಬರಲ್ಲ."

ಪರೀಕ್ಷೆಯ ದಿನ ಫ್ಯಾಕ್ಟರಿಯ ಊಟದ ಹಾಲ್‌ನಲ್ಲಿ ಹನ್ನೊಂದು ಜನ ಕೂತರು. ಹತ್ತು ಪ್ರಶ್ನೆ, ನಲವತ್ತು ಅಂಕ. ಎಂಟನೇ ಪ್ರಶ್ನೆ ಹೀಗಿತ್ತು: ಐವತ್ತೆಂಟೂವರೆ ಇಂಚು ಅಗಲದ ಬಟ್ಟೆಯಲ್ಲಿ ಒಂದೇ ಅಳತೆಯ ನಾಲ್ಕು ತುಂಡು ಕತ್ತರಿಸಿದರೆ ಎರಡೂವರೆ ಇಂಚು ಉಳಿಯುತ್ತದೆ. ಪ್ರತಿ ತುಂಡಿನ ಎರಡೂ ಬದಿ ಅರ್ಧ ಇಂಚು ಹೊಲಿಗೆಗೆ ಹೋಗುತ್ತದೆ. ತುಂಡಿನ ಅಗಲ ಎಷ್ಟು?

ಅವಳು ಕೈ ಎತ್ತಿದಳು. "ಹೊಲಿಯೋ ಮೊದಲಿನ ಅಗಲವಾ, ಹೊಲಿದ ಮೇಲಿನದ್ದಾ?"

"ಪ್ರಶ್ನೆಯಲ್ಲಿ ಇರೋದನ್ನ ಓದಿ ಬರೀರಿ," ಎಂದರು ಕಾವಲಿಗೆ ನಿಂತ ಆಫೀಸಿನವರು.

ಪ್ರಶ್ನೆಯಲ್ಲಿ ಅದೇ ಇರಲಿಲ್ಲ. ಅವಳು ಎರಡನ್ನೂ ಬರೆದಳು: ಕತ್ತರಿಸುವಾಗ ಹದಿನಾಲ್ಕು, ಹೊಲಿದ ಮೇಲೆ ಹದಿಮೂರು.

ಮುಂದಿನ ವಾರ ಫಲಿತಾಂಶದ ಪಟ್ಟಿ ಅಂಟಿಸಿದರು. ಗೋದಾಮಿನ ಹುಡುಗಿಯೊಬ್ಬಳಿಗೆ ಮೂವತ್ತೈದು, ಸೊಸೆಗೆ ಮೂವತ್ಮೂರು. ಬೇಕಿದ್ದದ್ದು ಒಬ್ಬರೇ.

ಮನೆಗೆ ಬಂದು ಹೇಳಿದಾಗ ಗಂಡ ತಟ್ಟೆಯಿಂದ ಕೈ ತೆಗೆದ. "ಎರಡು ಅಂಕಕ್ಕಾ?"

"ಎರಡು ಅಂಕಕ್ಕೆ."

"ತಿದ್ದಿದೋನು ಯಾವನು?" ಅತ್ತೆ ಸೌಟು ಹಿಡಿದೇ ಎದ್ದು ನಿಂತಳು. "ನನ್ನ ಪಾತ್ರೆ ಇನ್ನೂ ನೆಲದ ಮೇಲಿವೆ. ಹೋಗಿ ಕೇಳು. ಕೇಳೋಕೇನು ಭಯ?"

ಅವಳು ಕೇಳಿದಳು. ಕಟಿಂಗ್ ವಿಭಾಗದ ಮೇಷ್ಟ್ರು ಬಿಳಿಗೂದಲಿನ, ಮಾತು ಕಮ್ಮಿಯ ಮನುಷ್ಯ. ಅವಳ ಪತ್ರಿಕೆ ಹುಡುಕಿ ತೆಗೆದರು. ಎಂಟನೇ ಪ್ರಶ್ನೆಗೆ ಸೊನ್ನೆ.

"ಎರಡು ಉತ್ತರ ಬರೆದ್ರೆ ಸೊನ್ನೆ ಅನ್ನೋದು ಆಫೀಸಿನ ನಿಯಮ," ಎಂದರು.

"ಎರಡೂ ಸರಿ ಇದೆ ಸಾರ್. ಪ್ರಶ್ನೆ ಅರ್ಧ ಇದೆ."

ಅವರು ಪ್ರಶ್ನೆಯನ್ನು ಮತ್ತೆ ಓದಿದರು. ಕನ್ನಡಕ ತೆಗೆದು ಒರೆಸಿದರು. "ಪಟ್ಟಿ ಬದಲಾಗಲ್ಲ ಕಣಮ್ಮ. ಆ ಹುಡುಗೀನ ಕಂಪ್ಯೂಟರ್ ಮುಂದೆ, ಬಟ್ಟೆ ಮೇಲೆ ತುಂಡು ಜೋಡಿಸೋ ಕ್ರಮ ಹಾಕೋಕೆ ಕೂರಿಸ್ತಾರೆ. ನಂಗೆ ಮೇಜಿನ ಹತ್ರ ಒಬ್ಬರು ಬೇಕು. ಎಂಬತ್ತು ಪದರ ಬಟ್ಟೆ ಒಟ್ಟಿಗೆ ಕತ್ತರಿಸೋ ಕೆಲಸ, ತಪ್ಪಿದ್ರೆ ಎಂಬತ್ತೂ ಹೋಯ್ತು. ಬೆಳಗ್ಗೆ ಆರರ ಪಾಳಿ. ನಿಲ್ತೀಯಾ?"

"ನಿಲ್ತೀನಿ," ಎಂದವಳಿಗೆ ಮನೆಯಲ್ಲಿ ಕೇಳಬೇಕಿತ್ತು ಎಂದು ನೆನಪಾದದ್ದು ಬಸ್ಸು ಹತ್ತಿದ ಮೇಲೆ.

ಮನೆಯಲ್ಲಿ ಯಾರೂ ಬೇಡ ಅನ್ನಲಿಲ್ಲ. ಹಾಗಂತ ಸುಮ್ಮನೆಯೂ ಕೂರಲಿಲ್ಲ. ಐದಕ್ಕೆ ಎದ್ದು ಡಬ್ಬಿ ಕಟ್ಟುವವರು ಯಾರು, ಚೂಟಿಯ ಜಡೆ ಹಾಕುವವರು ಯಾರು, ಮಾವನ ಕಣ್ಣಿನ ಆಪರೇಷನ್ನಿಗೆ ಮಂಗಳವಾರ ಜೊತೆಗೆ ಹೋಗುವವರು ಯಾರು ಎಂದು ಮೂರು ದಿನ ಕೂಗಾಟವಾಯಿತು. ಜಡೆ ತಾನೇ ಹಾಕಿಕೊಳ್ಳುತ್ತೇನೆ ಎಂದಳು ಚೂಟಿ. ಮಂಗಳವಾರ ರಜೆ ಹಾಕುತ್ತೇನೆ ಎಂದ ಕಂಡಕ್ಟರ್. ಡಬ್ಬಿಯ ವಿಷಯ ಮಾತ್ರ ಇತ್ಯರ್ಥವಾಗಲಿಲ್ಲ.

ಸೋಮವಾರ ಬೆಳಗ್ಗೆ ಐದಕ್ಕೆ ಸೊಸೆ ಎದ್ದಾಗ ಅಡುಗೆಮನೆಯಲ್ಲಿ ದೀಪ ಉರಿಯುತ್ತಿತ್ತು. ನೆಲದ ಮೇಲಿನ ಪಾತ್ರೆಗಳ ನಡುವೆ ಗಂಡ ಕುಕ್ಕರುಗಾಲಲ್ಲಿ ಕೂತು ಈರುಳ್ಳಿ ಹೆಚ್ಚುತ್ತಿದ್ದ. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಅತ್ತೆ ಗೋಡೆಗೆ ಒರಗಿ ಕೂತಿದ್ದಳು.

"ಇಷ್ಟು ದಪ್ಪ ಹೆಚ್ಚಿದ್ರೆ ಬೇಯೋಕೆ ಸಂಜೆಯಾಗುತ್ತೆ."

"ಹಾಗಾದ್ರೆ ನೀನೇ ಹೆಚ್ಚು."

"ನಾನು ಹೆಚ್ಚೋದಾದ್ರೆ ನಿನ್ನ ಯಾಕೆ ಎಬ್ಬಿಸ್ತಿದ್ದೆ? ಉಪ್ಪು ಹಾಕಿದ್ಯಾ?"

"ಹಾಕಿದೆ ಅನ್ಸುತ್ತೆ."

"ಅನ್ಸುತ್ತಾ? ರುಚಿ ನೋಡು!"

ಸೊಸೆ ಒಳಗೆ ಕಾಲಿಡಲು ಹೋದಳು. ಇಬ್ಬರೂ ಒಟ್ಟಿಗೆ, "ನೀನು ಹೊರಡು, ಹೊತ್ತಾಯ್ತು," ಎಂದರು. ಎರಡು ಮೊಟ್ಟೆ, ಬ್ರೆಡ್ಡು, ಸೀದ ವಾಸನೆಯ ತರಕಾರಿ ಇದ್ದ ಡಬ್ಬಿಯನ್ನು ಗಂಡ ಅವಳ ಕೈಗಿಟ್ಟ. ಮುಖ ನೋಡಲಿಲ್ಲ.

ಅವಳು ಬೀದಿಗಿಳಿದಾಗ ಬೆಳಕು ಇನ್ನೂ ಸರಿಯಾಗಿ ಆಗಿರಲಿಲ್ಲ. ತಿರುವಿನವರೆಗೂ ಅವರ ದನಿ ಕೇಳಿಸುತ್ತಿತ್ತು. ಈಗ ಎಣ್ಣೆಯ ವಿಷಯಕ್ಕೆ ಬಂದಿದ್ದರು. ಅವಳು ಅರೆಗಳಿಗೆ ನಿಂತು ಕೇಳಿಸಿಕೊಂಡಳು. ಹದಿನಾರು ವರ್ಷದಲ್ಲಿ ಆ ಅಡುಗೆಮನೆಯಲ್ಲಿ ಅವಳ ಹೆಸರೆತ್ತದೆ ನಡೆದ ಮೊದಲ ಜಗಳ ಅದು. ಆಮೇಲೆ ಸರಸರ ಹೆಜ್ಜೆ ಹಾಕಿದಳು.